ಟವೆಲ್ಲಿನ ಕೆಳಗಿನ ಮಾತು

ನಮ್ಮ ಅರ್ಥಶಾಸ್ತ್ರದ ಸರ್ ಅವರ ಬಿಳಿ ಅಂಗಿಯ ಜೇಬು ಸದಾ ಉಬ್ಬಿರುತ್ತಿತ್ತು. ಅದರೊಳಗೆ ಪೆನ್ನಿನ ಪಕ್ಕ ಒಂದು ಲಿಂಬೆಹಣ್ಣು. ಪಾಠ ಮಾಡುತ್ತಲೇ ಅದನ್ನು ಹೊರತೆಗೆದು, ಹೆಬ್ಬೆರಳಿನ ಉಗುರಿನಿಂದ ಸಿಪ್ಪೆಯನ್ನು ಚೂರು ಗೀರಿ, ಮೂಸಿ, ಮತ್ತೆ ಜೇಬಿಗಿಳಿಸುವರು. ಮಧ್ಯಾಹ್ನದ ಹೊತ್ತಿಗೆ ಜೇಬಿನ ಮೇಲೊಂದು ಹಳದಿ ಕಲೆ ಮೂಡಿರುತ್ತಿತ್ತು. ನಮ್ಮ ಇಂಡಿ ಊರಿನ ಬಿಸಿಲಿನಲ್ಲಿ, ಊಟವಾದ ಮೇಲಿನ ತರಗತಿಯಲ್ಲಿ ನಮ್ಮನ್ನು ಎಚ್ಚರವಾಗಿಟ್ಟದ್ದು ಆ ವಾಸನೆಯೋ ಅವರ ಮಾತೋ, ಇವತ್ತಿಗೂ ಹೇಳಲಾರೆ.

ಮುದ್ದೇಬಿಹಾಳ ಕಡೆಯವರು. ನಮ್ಮ ಕಾಲೇಜಿಗೆ ಬಂದಾಗ ತೊಂಬತ್ತರ ದಶಕ ಶುರುವಾಗಿತ್ತು. ದೇಶ ಹೊರಗಿನ ವ್ಯಾಪಾರಕ್ಕೆ ಬಾಗಿಲು ತೆರೆದಿದೆ ಎಂದು ಪತ್ರಿಕೆಗಳು ದಿನವೂ ಬರೆಯುತ್ತಿದ್ದವು. ಒಬ್ಬರು ಇನ್ನೇನು ಸ್ವರ್ಗ ಬಂತೆಂದರೆ, ಇನ್ನೊಬ್ಬರು ದೇಶ ಮುಳುಗಿತೆನ್ನುತ್ತಿದ್ದರು. ಸರ್ ಮಾತ್ರ ಲಿಂಬೆಹಣ್ಣನ್ನು ಮೇಜಿನ ಮೇಲಿಟ್ಟು ಹೇಳುತ್ತಿದ್ದರು: "ಬಾಗಿಲಾ ತಗದಾರ, ಚಲೋ ಆತು. ಗಾಳಿ ಬರ್ಲಿ. ಆದ್ರ ಬಾಗಿಲಾ ತಗಿಯೂದು ಬ್ಯಾರೆ, ಹೊಸ್ತಿಲಾ ಕಿತ್ತು ಒಗಿಯೂದು ಬ್ಯಾರೆ."

ಈ ಮಾತಿಗಾಗಿ ಅವರು ಎರಡೂ ಕಡೆಯವರಿಂದ ಬೈಸಿಕೊಂಡರು. ಬಸವನಬಾಗೇವಾಡಿಯಲ್ಲಿ ವಿದೇಶಿ ತಂಪುಪಾನೀಯದ ವಿರುದ್ಧ ನಡೆದ ಸಭೆಗೆ ಅವರನ್ನು ಕರೆದು ಹಾರ ಹಾಕಿದರು. ಸರ್ ಎದ್ದು ನಿಂತು, "ಆ ಬಾಟ್ಲಿ ನಮ್ಮೂರಿಗೆ ಬಂತಂತ ನನಗ ಸಿಟ್ಟಿಲ್ರಿ. ಅದು ಬರಾಕ ರಸ್ತೆ ಐತಿ, ನಮ್ಮ ಲಿಂಬಿ ಹೋಗಾಕ ಯಾಕ ಇಲ್ಲ? ನನ್ನ ಸಿಟ್ಟು ಅದಕ್ಕ" ಎಂದುಬಿಟ್ಟರು. ಹಾರ ಹಾಕಿದವರು ಚಹಾ ಕೂಡ ಕೇಳಲಿಲ್ಲ. ಮುಂದೆ ಹೊಸ ನೀತಿಯನ್ನು ಹೊಗಳಲು ಒಬ್ಬ ಪುಢಾರಿ ಕರೆಸಿಕೊಂಡಾಗ, "ಸಾಲಿ, ದವಾಖಾನಿ ಎರಡನ್ನೂ ಸರಕಾರ ಕೈಬಿಟ್ಟಿತಂದ್ರ ನಮ್ಮಂಥ ತಾಲೂಕಿನ ಮಂದಿ ಯಾವ ಪೇಟಿಗೆ ಹೋಗಿ ಕೊಳ್ಳಬೇಕ್ರಿ?" ಎಂದರು. ಅಲ್ಲಿಯೂ ಚಹಾ ಇಲ್ಲ. ಮರುದಿನ ತರಗತಿಗೆ ಬಂದು, "ಚಹಾ ನಾನ ಮಾಡ್ಕೊಂಡು ಕುಡಿದ್ನಿ, ಭಾಳ ಛಂದ ಆಗಿತ್ತು" ಎಂದು ನಕ್ಕರು.

ನನ್ನಪ್ಪನಿಗೆ ಇಂಡಿಯ ಪೇಟೆಯಲ್ಲಿ ಲಿಂಬೆಹಣ್ಣಿನ ದಲಾಲಿ ಅಂಗಡಿ. ಆ ಕಾಲದಲ್ಲಿ ದರ ಬಾಯಲ್ಲಿ ಆಡುವುದಿರಲಿಲ್ಲ. ಕೊಳ್ಳುವವನೂ ದಲಾಲಿಯೂ ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ದರ ತೀರ್ಮಾನಿಸುತ್ತಿದ್ದರು. ಟವೆಲ್ಲಿನ ಕೆಳಗೆ ಬಂದ ಕೈಯನ್ನು ತಳ್ಳಬಾರದು, ಅಲ್ಲಿ ಆದದ್ದನ್ನು ಹೊರಗೆ ಆಡಬಾರದು. ಇದು ಪೇಟೆಯ ಪದ್ಧತಿ. ಅಪ್ಪ ದೇವರ ಆಣೆಯನ್ನಾದರೂ ಮೀರಿಯಾರು, ಇದನ್ನು ಮೀರುವವರಲ್ಲ.

ಒಂದು ದೀಪಾವಳಿಗೆ ವ್ಯಾಪಾರಸ್ಥರು ಸರ್ ಅವರನ್ನು ಭಾಷಣಕ್ಕೆ ಕರೆದರು. ಕರೆಯಬಾರದಿತ್ತು. "ದೇಶ ದೇಶದ ನಡುವಿನ ಪರದೆ ಸರಿಸಾಕತ್ತಾರ. ನಮ್ಮೂರಾಗ ರೈತಗೂ ದರಕ್ಕೂ ನಡುವ ಒಂದು ಟವೆಲ್ ಐತಿ, ಅದನ್ನ ಯಾರು ಸರಿಸಬೇಕ್ರಿ? ದರ ಎಲ್ಲಾರಿಗೂ ಕೇಳುವಂಗ ಹೇಳ್ರಿ" ಎಂದರು.

ಅಪ್ಪ ಉರಿದುಹೋದರು. "ನಮ್ಮ ಉಪ್ಪಿಟ್ಟು ತಿಂದು ನಮ್ಮ ಟವೆಲ್ಲಿಗೇ ಕೈ ಹಾಕಿದಾ!" ಎಂದು ಮನೆಯಲ್ಲಿ ಕೂಗಾಡಿದರು. ಅವರಿಗೂ ಒಂದು ವಾದವಿತ್ತು: "ಹಣ್ಣು ಸಣ್ಣದಿದ್ರ ದರ ಕಡಿಮಿ ಬರ್ತೈತಿ. ಅದನ್ನ ಹತ್ತು ಮಂದಿ ಮುಂದ ಕೂಗಿದ್ರ ರೈತನ ಮಾನಾ ಏನಾಗಬೇಕು?" ಅದನ್ನು ನಾನು ಹೆದರುತ್ತಲೇ ಸರ್ ಅವರಿಗೆ ಹೇಳಿದೆ. ಮರುದಿನ ಅವರು ಅಪ್ಪನ ವಾದವನ್ನು ತರಗತಿಯಲ್ಲಿ ಅಪ್ಪನಿಗಿಂತ ಚೆನ್ನಾಗಿ ಮಂಡಿಸಿದರು. ಮಾನವೂ ವ್ಯಾಪಾರದ ಒಂದು ಭಾಗ, ಪುಸ್ತಕ ಬರೆದವರು ಇದನ್ನು ಮರೆತಿದ್ದಾರೆ ಎಂದರು. ಆಮೇಲೆ ನಿಧಾನವಾಗಿ, ದರ ಗೊತ್ತಿಲ್ಲದ ರೈತ ಉಳಿಸಿಕೊಂಡ ಮಾನದಿಂದ ಮನೆಗೆ ಏನು ಒಯ್ಯುತ್ತಾನೆ ಎಂದು ಕೇಳಿದರು. ಎದುರಾಳಿಯ ಮಾತನ್ನು ಇಷ್ಟು ಗೌರವದಿಂದ ಎತ್ತಿ ಹಿಡಿಯುವ ವಿದ್ಯೆ ಇದಾದರೆ, ನಾನೂ ಇದನ್ನೇ ಓದಬೇಕು ಎಂದು ಆ ಹೊತ್ತೇ ನಿಶ್ಚಯಿಸಿಬಿಟ್ಟೆ.

ನಿಶ್ಚಯಿಸಿದರೆ ಆಯಿತೇ? ಬಿ.ಎ. ಮುಗಿದಾಗ ಸಿಂದಗಿಯಿಂದ ನನಗೊಂದು ಗಂಡಿನ ಸಂಬಂಧ ಬಂದಿತ್ತು. ಎಂ.ಎ. ಓದಲು ಧಾರವಾಡಕ್ಕೆ ಹೋಗುತ್ತೇನೆ ಎಂದೆ. "ಆ ಮಾಸ್ತರ ಕಲಿಸಿದ್ದು ಸಾಕಾಗೇತಿ" ಎಂದರು ಅಪ್ಪ. ಅವ್ವ ನನ್ನ ಪರವಾಗಿ ಎರಡು ಮಾತಾಡಿ ಬೈಸಿಕೊಂಡಳು. ಪ್ರವೇಶದ ಗಡುವು ಹತ್ತಿರವಾಗಿತ್ತು. ನಾನು ಮನೆಯಲ್ಲೂ ಅತ್ತು, ಸರ್ ಅವರ ಮುಂದೆಯೂ ಅತ್ತು ಸುಸ್ತಾಗಿದ್ದೆ.

ಅಪ್ಪನಿಗೆ ಊಟದ ಬುತ್ತಿ ಕೊಡಲು ಅಂಗಡಿಗೆ ಹೋದಾಗ ಆ ದೃಶ್ಯ ನೋಡಿದೆ. ತುಂಬಿದ ಪೇಟೆಯಲ್ಲಿ, ಲಿಂಬೆ ಚೀಲಗಳ ನಡುವೆ ಹಾದು, ಸರ್ ಬಂದು ಅಪ್ಪನ ಎದುರು ಕುಳಿತರು. ಸುತ್ತಲಿನವರು ಜಗಳ ನೋಡಲು ಅಣಿಯಾದರು.

"ಭಾಷಣಾ ಮಾಡಾಕ ಬಂದಿಲ್ರಿ" ಎಂದರು ಸರ್. "ನಿಮ್ಮ ಮಗಳ ಓದಿನ ಸಲುವಾಗಿ ಬಂದೇನಿ. ನಿಮ್ಮ ಪದ್ಧತಿ ಪ್ರಕಾರನ ಮಾತಾಡೂಣು. ಟವೆಲ್ ಹಾಸ್ರಿ."

ಜನ ಹೋ ಎಂದು ನಕ್ಕರು. ಅಪ್ಪ ನಗಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಹಾಸಿದರು. ಇಬ್ಬರ ಕೈಗಳೂ ಒಳಗೆ ಹೋದವು. ತುಂಬಿದ ಸಭೆಯಲ್ಲಿ ಟವೆಲ್ ಸರಿಸಿ ಎಂದ ಮನುಷ್ಯ, ನನಗಾಗಿ ಅದರ ಕೆಳಗೇ ಕೈ ಇಟ್ಟು ಕುಳಿತಿದ್ದರು. ಬಹಳ ಹೊತ್ತು ಟವೆಲ್ ಅಲುಗಾಡಲೇ ಇಲ್ಲ. ಕೊನೆಗೆ ಅಪ್ಪ ಕೈ ಹೊರತೆಗೆದು, ನನ್ನ ಕಡೆ ನೋಡದೆ, "ಧಾರವಾಡದ ಬಸ್ಸು ಎಷ್ಟಕ್ಕ ಐತಿ, ಕೇಳ್ಕೊಂಡು ಬಾ" ಎಂದರು.

ಒಳಗೆ ಏನು ತೀರ್ಮಾನವಾಯಿತೆಂದು ಎಷ್ಟು ಕಾಡಿದರೂ ಅಪ್ಪ ಬಾಯಿ ಬಿಡಲಿಲ್ಲ. ಸರ್ ಅವರನ್ನು ಕೇಳಿದರೆ, "ಪದ್ಧತಿ ಅಂದ್ರ ಪದ್ಧತಿನ, ಯವ್ವಾ" ಎಂದು ಲಿಂಬೆ ಮೂಸಿದರು.

ನಾನು ಓದಿದೆ, ಸಿಂದಗಿಯ ಕಾಲೇಜಿನಲ್ಲಿ ಪಾಠ ಹೇಳತೊಡಗಿದೆ. ಅಲ್ಲಿಂದ ಬಂದಿದ್ದ ಅದೇ ಸಂಬಂಧ ಕಾದು ಕೂತಿತ್ತು, ಮದುವೆಯಾಗಿ ಸುಖವಾಗಿದ್ದೇನೆ. ಎರಡು ಸಾವಿರದ ಇಸವಿಯ ಆಚೆ ಪೇಟೆಯಲ್ಲಿ ದರ ಕೂಗುವುದೂ ಶುರುವಾಯಿತು. ಅಪ್ಪ ಗೊಣಗಿದರು, ಆಮೇಲೆ ಎಲ್ಲರಿಗಿಂತ ಜೋರಾಗಿ ಕೂಗಿದರು. ಸರ್ ನಿವೃತ್ತರಾದ ಮೇಲೂ ನಮ್ಮ ಅಂಗಡಿಗೆ ಬಂದು ಅಪ್ಪನೊಂದಿಗೆ ವಾದಿಸುತ್ತಾ ಕೂರುತ್ತಿದ್ದರು. ಹೋಗುವಾಗ ಅಪ್ಪ ಒಂದು ಒಳ್ಳೆಯ ಹಣ್ಣು ಆರಿಸಿ ಅವರ ಜೇಬಿಗೆ ಹಾಕುತ್ತಿದ್ದರು.

ಸರ್ ಒಂದು ಬೆಳಗ್ಗೆ, ಪತ್ರಿಕೆ ಓದುತ್ತಾ ಕುಳಿತಲ್ಲೇ ತೀರಿಕೊಂಡರು. ಕಾಲೇಜಿನ ಸಂತಾಪ ಸಭೆಯಲ್ಲಿ ದೊಡ್ಡವರೆಲ್ಲ ಮಾತಾಡಿದ ಮೇಲೆ, ಯಾರೂ ಕರೆಯದೆ ಅಪ್ಪ ಎದ್ದು ನಿಂತರು.

"ಟವೆಲ್ಲಿನ ಕೆಳಗಿಂದು ಹೊರಗ ಆಡಬಾರದು. ಇವತ್ತ ಆಡ್ತೇನಿ. ಎಲ್ಲಾರಿಗೂ ಕೇಳುವಂಗ ಹೇಳ್ರಿ ಅಂತ ಅವರ ಹೇಳಿದ್ರಲ್ಲ." ಧ್ವನಿ ಪೇಟೆಯಲ್ಲಿ ದರ ಕೂಗುವಷ್ಟೇ ಎತ್ತರದಲ್ಲಿತ್ತು. "ಸರ್‌ಗೆ ನಮ್ಮ ಬೆರಳಿನ ಲೆಕ್ಕ ಬರ್ತಿರಲಿಲ್ಲ. ಆ ದಿನ ಅವರು ಒಂದು ಬೆರಳೂ ಹಿಡೀಲಿಲ್ಲ. ನನ್ನ ಕೈ ಗಟ್ಯಾಗಿ ಹಿಡಕೊಂಡು ಕುಂತ್ರು, ಅಷ್ಟ. ಅವರ ಕೈ ನಡುಗಾಕತ್ತಿತ್ತು. ಯಾವ ಪುಢಾರಿ ಮುಂದೂ ನಡುಗದಾಂವ ನನ್ನ ಮಗಳ ಸಲುವಾಗಿ ನಡುಗಾಕತ್ತಾನಲ್ಲ ಅನಿಸ್ತು. ನಾ ಹೆಂಗ ಇಲ್ಲ ಅನ್ನಲಿ?"

ಅಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ಕುಳಿತರು. ನಾನು ಅವರ ಪಕ್ಕಕ್ಕೆ ಹೋಗಿ ಕೈ ಹಿಡಿದುಕೊಂಡೆ. ಅದರಿಂದ ಲಿಂಬೆಯ ವಾಸನೆ ಬರುತ್ತಿತ್ತು.