ಬಡಿಗೇರ ಕಾಕಾ ಕಟ್ಟಿದ ಬೇಸ್ ಪೆಟ್ಟಿಗೆ

ಹೋದ ವಾರ ನಮ್ಮ ಮುಂಬಾಗಿಲು ಮಳೆಗೆ ಉಬ್ಬಿಕೊಂಡು, ಮುಚ್ಚಲೂ ಬಾರದೆ ತೆರೆಯಲೂ ಬಾರದೆ ಹಟ ಹಿಡಿದು ನಿಂತಿತ್ತು. ಬಡಗಿಯನ್ನು ಕರೆಸಿದೆ. ಅವನು ಕರೆಂಟಿನ ಉಜ್ಜುಗೊರಡನ್ನು ಎರಡು ಸಲ ಎಳೆದದ್ದೇ ತಡ, ಹಳೆಯ ಸಾಗವಾನಿಯ ಆ ಎಣ್ಣೆ ಎಣ್ಣೆಯಾದ ಒಗರು ವಾಸನೆ ಪಡಸಾಲೆಯ ತುಂಬ ಹರಡಿತು. ಹೆಂಡತಿ ಸೀನಿದಳು. ನಾನು ಕೈಯಲ್ಲಿದ್ದ ಚಹಾ ಮರೆತು ನಿಂತೆ. ತೆಲಂಗಾಣದ ಗಡಿಯ ತಾಂಡೂರಿನ ನಮ್ಮ ಹಳೆಯ ಓಣಿ, ಪಕ್ಕದ ಮನೆಯ ಅಂಗಳ, ಅಲ್ಲಿ ಮರದ ಸಿಪ್ಪೆಯ ನಡುವೆ ಕೂತ ಬಡಿಗೇರ ಕಾಕಾ...

ಕಾಕಾ ಎಂದರೆ ಸಂಬಂಧಿಯಲ್ಲ, ಓಣಿಗೆಲ್ಲ ಕಾಕಾ. ಎಪ್ಪತ್ತರ ಆಸುಪಾಸು. ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಉಳಿ ಮುಟ್ಟುತ್ತಿರಲಿಲ್ಲ; ಮುಟ್ಟಿದ ಮೇಲೆ ಊಟಕ್ಕೆ ಎಬ್ಬಿಸುವುದೂ ಕಷ್ಟ. ಬಾಗಿಲು, ಮಂಚ ಎಲ್ಲ ಮಾಡುತ್ತಿದ್ದರಾದರೂ ಅವರಿಗೆ ಹೆಸರು ತಂದದ್ದು ಕಾಳಿನ ಪೆಟ್ಟಿಗೆ. ತೊಗರಿ, ಜೋಳ ತುಂಬಿಡುವ ಆ ಪೆಟ್ಟಿಗೆಗಳಲ್ಲಿ ಒಂದು ಮೊಳೆಯೂ ಇರುತ್ತಿರಲಿಲ್ಲ. ಮೂಲೆಗಳಲ್ಲಿ ಹಲಗೆಗೆ ಹಲಗೆ ಬೆರಳು ಹೆಣೆದ ಹಾಗೆ ಕೂತಿರುತ್ತಿತ್ತು.

ಆ ವರ್ಷ ಅವರ ಬಲಗೈ ನಡುಗಲು ಶುರುವಾಗಿತ್ತು. ಎರಡು ಸಲ ಉಳಿ ಜಾರಿ ಪೆಟ್ಟಾಗಿತ್ತು. ಕರಣಕೋಟದ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಗ ಬಂದಾಗಲೆಲ್ಲ ಅದೇ ಮಾತು: "ಅಪ್ಪಾ, ಸಾಕು. ಈ ದಸರಾಕ್ಕ ಉಳಿ-ಬಾಚಿ ಹತ್ಯಾರ ಪೂಜಾ ಮಾಡು, ಯಾರಿಗಾದ್ರೂ ಕೊಟ್ಟುಬಿಡು. ನನ್ನ ಕೂಡ ಕ್ವಾರ್ಟರ್ಸಿಗೆ ಬಾ." ಮಗ ಕೆಟ್ಟವನಲ್ಲ, ರಕ್ತ ನೋಡಿ ಹೆದರಿದ್ದ. ಕಾಕಾ ಮಾತ್ರ ನನ್ನ ಮುಂದೆ ಗೊಣಗುತ್ತಿದ್ದರು: "ಹತ್ಯಾರ ಕೊಟ್ಟು ನಾ ಏನ್ ಮಾಡ್ಲಿ, ಗ್ವಾಡಿ ನೋಡ್ಲಾ? ಒಂದು ಛಲೋ ಕೆಲಸ ಮಾಡಿ ತೋರಸ್ತೀನಿ, ಆಮ್ಯಾಲ ಮಾತಾಡ್ಲಿ ಅವ."

ಅದು ಪ್ರತ್ಯೇಕ ತೆಲಂಗಾಣ ರಾಜ್ಯದ ಚಳವಳಿಯ ಕಾಲ. ನಾನು ಸರಕಾರಿ ಕಚೇರಿಯ ಗುಮಾಸ್ತ. ಮುಷ್ಕರ ನಡೆದು ಕಚೇರಿಗೆ ಬೀಗ ಬಿದ್ದಿತ್ತು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು, ಚೌಕದ ಧರಣಿ ಟೆಂಟಿನಲ್ಲಿ ಕೂತು ತೆಲುಗಿನಲ್ಲಿ ಘೋಷಣೆ. ರಸ್ತೆಯ ಮೇಲೇ ಒಲೆ ಹೂಡಿ ಅಡುಗೆ, ಅಲ್ಲೇ ಊಟ, ಅದೂ ಪ್ರತಿಭಟನೆಯೇ. ಉಳಿದ ಹೊತ್ತಿಗೆ ನನಗೊಂದು ಹುಚ್ಚಿತ್ತು, ನನ್ನ ಹಳೆಯ ಕಾರಿನ ಸ್ಟೀರಿಯೋ. ಕಾರಿನೊಂದಿಗೆ ಬಂದಿದ್ದ ಸೆಟ್ಟು ಕೋಳಿ ಕಾಲಿಗೆ ದಾರ ಕಟ್ಟಿ ಎಳೆದಂತೆ ಕೂಗುತ್ತಿತ್ತು. ಮುಂದಿನ ಡೆಕ್ಕು ಬದಲಿಸಿದೆ, ಬಾಗಿಲಿನ ಸ್ಪೀಕರ್ ಬದಲಿಸಿದೆ, ಸೀಟಿನ ಕೆಳಗೆ ಆಂಪ್ಲಿಫೈಯರ್ ಕೂರಿಸಿದೆ. ಬೇಸ್ ಕೊಡುವ ದೊಡ್ಡ ಸಬ್‌ವೂಫರ್ ಸ್ಪೀಕರನ್ನೂ ತಂದಿಟ್ಟುಕೊಂಡಿದ್ದೆ. ಅದನ್ನು ಡಿಕ್ಕಿಯಲ್ಲಿ ಕೂರಿಸಲು ಒಂದು ಪೆಟ್ಟಿಗೆ ಬೇಕಿತ್ತು. ಬಸ್ಸು ರೈಲು ನಿಂತು ಹೈದರಾಬಾದಿನಿಂದ ಏನೂ ಬರುವಂತಿರಲಿಲ್ಲ. ಅಷ್ಟರಲ್ಲಿ ಟೆಂಟಿನಲ್ಲಿ ನಾನೇ ಜಂಬ ಕೊಚ್ಚಿದ್ದೆ, ದಸರಾಕ್ಕೆ ಎರಡು ದಿನ ಮೊದಲು ಚಳವಳಿಯ ಹಾಡುಗಳು ನನ್ನ ಕಾರಿನಿಂದಲೇ ಮೊಳಗುತ್ತವೆ ಎಂದು.

ಸ್ಪೀಕರನ್ನು ಕಾಕಾನ ಮುಂದಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು. "ಬಾಯಿ ಇಷ್ಟು ದೊಡ್ಡದದ, ಹೊಟ್ಟಿ ಎಲ್ಲಿ ಅದರಿ ಇದಕ್ಕ?"

"ಆ ಹೊಟ್ಟಿ ನೀವೇ ಮಾಡಬೇಕು ಕಾಕಾ."

ಅವರ ಮುಖ ಅರಳಿತು. ಹಳೆಯ ಬಾಗಿಲೊಂದರ ಸಾಗವಾನಿ ಹಲಗೆ ತೆಗೆದರು. ಎಂಟು ದಿನ ನಮ್ಮ ಓಣಿಗೆ ಅದೇ ವಾಸನೆ. ಎಡಗೈಯಿಂದ ಬಲಗೈ ಮಣಿಕಟ್ಟು ಒತ್ತಿ ಹಿಡಿದು, ನಡುಕ ನಿಲ್ಲುವತನಕ ಕಾಯ್ದು, ಆಮೇಲೆ ಒಂದು ಏಟು. ಮತ್ತೆ ಕಾಯುವುದು, ಮತ್ತೊಂದು ಏಟು. ಹಾಗೆ ಕಟ್ಟಿದ ಪೆಟ್ಟಿಗೆ ನೋಡಿದರೆ ಡಿಕ್ಕಿಯಲ್ಲಿ ಮುಚ್ಚಿಡಲು ಮನಸ್ಸೇ ಬರುವಂತಿರಲಿಲ್ಲ.

ಮನೆಗೆ ತಂದು, ಸ್ಪೀಕರ್ ಕೂರಿಸಿ ಹಾಡು ಹಚ್ಚಿದೆ. ಡೋಲಿನ ಬದಲು ಭುಸ್ ಭುಸ್ ಎಂದಿತು. ಸ್ಟೀರಿಯೋ ಅಂಗಡಿಯವನನ್ನು ಕರೆದೆ. ಅವನು ಪೆಟ್ಟಿಗೆ ಮಗುಚಿ ಹಾಕಿ ನಕ್ಕ. ಅಡಿಯಲ್ಲಿ ಸಾಲಾಗಿ ಆರು ತೂತು, ಹುಳು ಹೋಗದಂತೆ ಒಳಗಿನಿಂದ ಸಣ್ಣ ಜಾಲರಿ ಬೇರೆ! ಕಾಳು ಮುಗ್ಗಾಗದಿರಲಿ ಎಂದು ಕಾಕಾ ಜೀವಮಾನವಿಡೀ ಪೆಟ್ಟಿಗೆಗಳಿಗೆ ಇಡುತ್ತ ಬಂದ ಗಾಳಿಯ ತೂತುಗಳು. ಬೇಸ್ ಪೆಟ್ಟಿಗೆಯಿಂದ ಗಾಳಿ ಒಂದಿಷ್ಟೂ ಸೋರಬಾರದು. ಉದ್ದ ಅಗಲ ಎಲ್ಲ ಬರೆದುಕೊಟ್ಟಿದ್ದ ನಾನು ಆ ಒಂದು ಮಾತು ಹೇಳಿರಲಿಲ್ಲ.

ಹೋಗಿ ಹೇಳಬಹುದಿತ್ತು. ಎರಡೇ ಹೆಜ್ಜೆ, ನಡುವೆ ಒಂದು ಗೋಡೆ. ಮುದುಕರ ಮನಸ್ಸು ನೋಯಬಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಅದಲ್ಲ. ಮರುದಿನವೇ ಟೆಂಟಿನ ಕಾರ್ಯಕ್ರಮ, ನನಗೆ ನನ್ನ ಮರ್ಯಾದೆಯ ಚಿಂತೆ. ಅಂಗಡಿಯವನಲ್ಲಿ ಬಿದ್ದಿದ್ದ ಪ್ಲೈವುಡ್ಡಿನ ಸಿದ್ಧ ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕಿಸಿ, ಗುರುತು ಸಿಗದಂತೆ ಮೇಲೆ ಕರಿ ಕಾರ್ಪೆಟ್ ಸುತ್ತಿದೆ. ಕಾಕಾನ ಪೆಟ್ಟಿಗೆ ಮೆಟ್ಟಿಲ ಕೆಳಗೆ ಗೋಣಿಚೀಲದಡಿ ಹೋಯಿತು.

ಮರುದಿನ ಕಾಕಾ ಬಿಳಿ ಧೋತರ ಉಟ್ಟು ಚೌಕಕ್ಕೆ ಬಂದರು. ಜೊತೆಗೆ ಮಗ, ನೋಡಲೆಂದೇ ಕರೆಸಿಕೊಂಡಿದ್ದರು. ಡಿಕ್ಕಿ ಎತ್ತಿ ಹಾಡು ಬಿಟ್ಟೆ. ಡೋಲಿನ ಏಟಿಗೆ ಟೆಂಟಿನ ಬಟ್ಟೆ ಅದುರಿತು, ಜನ ಎದ್ದು ಕುಣಿದರು. ಮಗ ಬೆರಗಾಗಿ ನಿಂತಿದ್ದ. "ಅಪ್ಪಾ, ಇದು ನೀ ಮಾಡಿದ್ದಾ? ನಾನೇ ಸುಮ್ನ ಅಂಜಿದ್ದೆ... ಇರ್ಲಿ ಬಿಡು. ಹತ್ಯಾರ ಕೊಡೋದು ಬ್ಯಾಡ, ಇಲ್ಲೇ ಇರು."

ಕಾಕಾ ಆಗಲೇ ಡಿಕ್ಕಿಯೊಳಗೆ ಕೈ ಇಟ್ಟಿದ್ದರು. ಅಂಗೈ ಕಾರ್ಪೆಟ್ಟಿನ ಮೇಲೆ ಸವರುತ್ತ ಹೋಗಿ, ಮೂಲೆಯಲ್ಲಿ ಬೆರಳು ಅದರಡಿ ತೂರಿತು. ಅಲ್ಲಿ ಹಲಗೆಯ ಹೆಣಿಗೆಯಿರಲಿಲ್ಲ, ಸ್ಕ್ರೂ ಇದ್ದವು. ಕೈ ಅಲ್ಲೇ ನಿಂತಿತು. ನನ್ನ ಕಡೆ ಒಮ್ಮೆ ನೋಡಿದರು. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ನಾನು ಮನಸ್ಸಿನಲ್ಲೇ ಬೇಡಿಕೊಂಡೆ, ಹೂಂ ಅನ್ನಿ ಕಾಕಾ, ಹೂಂ ಅಂದುಬಿಡಿ ಎಂದು.

"ಇಲ್ಲಪ್ಪ," ಎಂದರು ಮಗನಿಗೆ. "ಇದು ನಂದಲ್ಲ. ನಾ ಮಾಡಿದ್ದು ಕೆಲಸಕ್ಕ ಬಂದಿಲ್ಲ ಕಾಣ್ತದ."

ಹಾಡಿನ ಗದ್ದಲದಲ್ಲಿ ಆ ಮಾತು ನಮ್ಮ ಮೂವರನ್ನು ಬಿಟ್ಟು ಬೇರೆ ಯಾರಿಗೂ ಕೇಳಿಸಲಿಲ್ಲ.

ದಸರಾ ದಿನ ಕಾಕಾ ಉಳಿ, ಗರಗಸ, ಬಾಚಿ ಎಲ್ಲ ತೊಳೆದು ಒರೆಸಿ, ವಿಭೂತಿ ಹಚ್ಚಿ ಪೂಜೆ ಮಾಡಿದರು. ಮೂರನೆಯ ದಿನ ಬೊಮ್ರಾಸಪೇಟಿನ ಬಡಗಿಯೊಬ್ಬ ಬಂದು ಅವನ್ನು ಚೀಲದಲ್ಲಿ ತುಂಬಿಕೊಂಡು ಹೋದ. ಸಂಜೆ ಕಾಕಾ ಮಗನೊಂದಿಗೆ ಕರಣಕೋಟಕ್ಕೆ ಹೊರಟರು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ, ಹೇಡಿ.

ಆಮೇಲೆ ತಡೆಯಲಾಗಲಿಲ್ಲ. ಪೆಟ್ಟಿಗೆ ಹೊರತೆಗೆದು, ಬೇವಿನ ಕೊಂಬೆ ಕೆತ್ತಿ ಆರು ಬೆಣೆ ಮಾಡಿ, ಗೋಂದು ಹಚ್ಚಿ ತೂತುಗಳಿಗೆ ಬಡಿದೆ. ನನ್ನಂಥ ಗುಮಾಸ್ತನಿಗೂ ಅರ್ಧ ತಾಸಿನ ಕೆಲಸ. ಸ್ಪೀಕರನ್ನು ಮತ್ತೆ ಇದರಲ್ಲೇ ಕೂರಿಸಿ ಹಾಡು ಹಚ್ಚಿದರೆ ಡೋಲು ಎದೆಯೊಳಗೇ ಬಾರಿಸಿದ ಹಾಗೆ ಕೇಳಿತು. ಪ್ಲೈವುಡ್ಡಿನದು ಬರೀ ಗದ್ದಲ. ಕಣ್ಣು ತುಂಬಿ ಬಂತು.

ಅದೇ ಭಾನುವಾರ ಕರಣಕೋಟಕ್ಕೆ ಒಯ್ದೆ. ಮಗ ಡ್ಯೂಟಿಗೆ ಹೋಗಿದ್ದ. ಕಾಕಾ ಡಿಕ್ಕಿಯ ಅಂಚಿನಲ್ಲಿ ಕೂತು, ಮೂಲೆ ಮುಟ್ಟಿ ನೋಡಿ, ಕಣ್ಣು ಮುಚ್ಚಿ ಪೂರ್ತಿ ಹಾಡು ಕೇಳಿದರು. ನಾನು ತೂತಿನ ಕಥೆ ಹೇಳಿದೆ. ಅವರು ಸಿಟ್ಟಾಗಲಿಲ್ಲ.

"ಅವತ್ತೇ ಯಾಕ ಹೇಳ್ಲಿಲ್ಲರಿ? ನಾನೇ ಬೆಣಿ ಬಡೀತಿದ್ದೆ."

ಅಷ್ಟೇ. ಒಳಗೆ ಹೋಗಿ ಚಹಾ ತಂದರು. ಕಪ್ಪಿನ ಕೆಳಗಿನ ಬಸಿಯಲ್ಲಿ ಅರ್ಧ ಚಹಾ ತುಳುಕಿತ್ತು.

ಕಾಕಾ ಆಮೇಲೆ ಎರಡು ವರ್ಷ ಬದುಕಿದರು. ತೆಲಂಗಾಣ ರಾಜ್ಯ ಬರುವುದನ್ನು ನೋಡಲಿಲ್ಲ. ಮಣ್ಣಿಗೆ ಹೋಗಿದ್ದೆ, ಮಗನ ಮುಖ ನೋಡಿ ಮಾತಾಡಲಾಗಲಿಲ್ಲ... ಕಾರು ಮಾರಿದೆ, ಪೆಟ್ಟಿಗೆ ಇಟ್ಟುಕೊಂಡೆ.

ಹೋದ ವಾರ ಆ ವಾಸನೆ ಹರಡಿದ ದಿನವೇ ಕಾಕಾನ ಮಗನಿಗೆ ಫೋನು ಮಾಡಿದೆ. ನಿನ್ನೆ ಬಂದಿದ್ದ. ಅವನಿಗೂ ತಲೆ ನರೆತಿದೆ. ಪೆಟ್ಟಿಗೆ ಮುಂದಿಟ್ಟು ಎಲ್ಲ ಹೇಳಿದೆ, ನನ್ನ ಸುಳ್ಳು ಸಮೇತ. ಕಾಕಾ ಅವನಿಗೆ ಏನೂ ಹೇಳಿರಲಿಲ್ಲವಂತೆ. ಅವನು ನೆಲದ ಮೇಲೆ ಕೂತು ನಾಲ್ಕೂ ಮೂಲೆಗಳ ಮೇಲೆ ಬೆರಳಾಡಿಸಿದ. ಒಂದು ಕೂದಲು ತೂರುವಷ್ಟೂ ಸಂದಿಯಿರಲಿಲ್ಲ.

"ಇದು ಆ ವರ್ಷದ್ದೇ ಏನ್ರಿ?"

"ಹೌದು. ಆ ದಸರಾದ್ದೇ."

ಮತ್ತೊಮ್ಮೆ ಮೂಲೆಗೆ ಬೆರಳಿಟ್ಟ.

"ಹಂಗಾದ್ರ ಅಪ್ಪನ ಕೈ ಛಲೋನೇ ಇತ್ತಲ್ಲರಿ..."

ಇತ್ತು ಎಂದೆ.