ಮಡಿವಾಳಪ್ಪನ ನಡುಕ ಮತ್ತು ನಲವತ್ತು ಚೀಟಿಗಳು

ಸಿಂದಗಿಯ ಮಡಿವಾಳಪ್ಪ ಹೆದರದ ವಸ್ತು ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. ನಾಯಿಗೆ ಹೆದರುತ್ತಿದ್ದ, ಮೇಲಧಿಕಾರಿಯ ಜೀಪಿಗೆ ಹೆದರುತ್ತಿದ್ದ, ಎಲ್ಲಕ್ಕಿಂತ ಹೆಚ್ಚಾಗಿ ಸೂಜಿಗೆ ಹೆದರುತ್ತಿದ್ದ. ಇಂಥ ವೀರನಿಗೆ ಸರ್ಕಾರ ಹುಡುಕಿ ಕೊಟ್ಟ ನೌಕರಿಯೆಂದರೆ ಊರೂರು ತಿರುಗಿ ಜನರ ಬೆರಳಿಗೆ ಸೂಜಿ ಚುಚ್ಚುವುದು. ೧೯೭೬ರಲ್ಲಿ ಮಲೇರಿಯಾ ಮತ್ತೆ ತಲೆಯೆತ್ತಿತ್ತು. ಒಬ್ಬೊಬ್ಬರ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಪರೀಕ್ಷೆಗೆ ಕಳಿಸಬೇಕು.

ಅವನ ಶೌರ್ಯವೆಲ್ಲ ಕಚೇರಿಯ ಮೇಜಿನ ಮೇಲಿತ್ತು: ರಬ್ಬರ್ ಅಕ್ಷರಗಳ ಪೆಟ್ಟಿಗೆ, ಚಿಮಟ, ಶಾಯಿ ಪ್ಯಾಡು. ರಿಜಿಸ್ಟರಿನ ಖಾನೆಗಳಲ್ಲಿ ನಂಬರು, ಹೆಸರು, ಊರು. ಒಂದೊಂದು ಸಾಲಿಗೆ ಅಕ್ಷರ ಜೋಡಿಸಿ, ಒಂದೊಂದು ಚೀಟಿ ಒತ್ತಿ, ಗಾಜುಗಳಿಗೆ ಸಾಲಾಗಿ ಅಂಟಿಸುವಾಗ ಮಾತ್ರ ಅವನ ಕೈ ನಡುಗುತ್ತಿರಲಿಲ್ಲ.

ದೇವಣಗಾಂವದಲ್ಲಿ ಪೈಲ್ವಾನ ಸೋಮನಿಂಗ ದಾರಿಗೆ ಅಡ್ಡ ನಿಂತ. "ಮದಲ ನೀವು ಚುಚ್ಚಕೋರಿ ಸಾಹೇಬ್ರ. ಆಮ್ಯಾಲ ನಮ್ಮದು ನೋಡೂಣು."

ಮಡಿವಾಳಪ್ಪ ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ತನ್ನ ಬೆರಳಿಗೇ ಚುಚ್ಚಿಕೊಂಡ. ಹನಿಯನ್ನು ಗಾಜಿಗೆ ಸವರಿ, ಗೆದ್ದ ಕೋಟೆಯ ಧ್ವಜದಂತೆ ಎತ್ತಿ ತೋರಿಸಿ ಗಾಜುಗಳನ್ನಿಡುವ ಪೆಟ್ಟಿಗೆಯಲ್ಲಿಟ್ಟ. ಆಮೇಲೆ ನಲವತ್ತು ಜನ ಬೆರಳು ಚಾಚಿದರು. ರಿಜಿಸ್ಟರಿನಲ್ಲಿ ಮೊದಲ ಹೆಸರು ಸೋಮನಿಂಗನದು, ಕೊನೆಯದು ಅವನ ತಾಯಿ ಸಾತವ್ವನದು.

ಕಚೇರಿಯಲ್ಲಿ ಚೀಟಿ ಅಂಟಿಸಿ ಮುಗಿದಾಗ ಒಂದು ಗಾಜು ಉಳಿಯಿತು. ಯಾರ ರಕ್ತವನ್ನೋ ಎರಡು ಸಲ ತೆಗೆದಿರಬೇಕು! ಮೇಲಧಿಕಾರಿ ಕೇಳಿದರೆ ಏನು ಹೇಳುವುದು? ಅತ್ತಿತ್ತ ನೋಡಿ, ಅದನ್ನು ತೊಳೆದು ಒರೆಸಿ ಹೊಸ ಗಾಜುಗಳ ಜೊತೆ ಸೇರಿಸಿಬಿಟ್ಟ.

ಹತ್ತು ದಿನಕ್ಕೆ ವರದಿ ಬಂತು. ದೇವಣಗಾಂವ, ನಂಬರು ಒಂದು: ಮಲೇರಿಯಾ.

ನಂಬರು ಒಂದು ಎಂದರೆ ಪೈಲ್ವಾನ! ಬುಧವಾರ ಮಧ್ಯಾಹ್ನ ಗುಳಿಗೆಯ ಪೊಟ್ಟಣ ಹಿಡಿದು ಬಸ್ಸಿಳಿಯುವಷ್ಟರಲ್ಲಿ ಮಡಿವಾಳಪ್ಪನ ಹಲ್ಲು ಕಟಕಟ ಎನ್ನುತ್ತಿದ್ದವು.

"ನನಗ ಜ್ವರಾ?" ಸೋಮನಿಂಗ ತನ್ನ ಮನೆಯ ಮುಂದೆ ನಿಂತು ತೊಡೆ ತಟ್ಟಿದ. "ಮುಂಜಾನೆ ನೂರು ಬಸ್ಕಿ ಹೊಡದೇನಿ. ಇನ್ನೊಮ್ಮಿ ಹಂಗ ಅಂದ್ರ ಎತ್ತಿ ಒಗೀತೇನಿ ನೋಡ್ರಿ!"

"ಹೌದ್ರಿ... ಅಲ್ರಿ... ಸರ್ಕಾರದ ಕಾಗದದಾಗ ಐತ್ರಿ..."

ಸೋಮನಿಂಗ ಅವನ ರಟ್ಟೆ ಹಿಡಿದವನೇ ಕೈ ಬಿಟ್ಟ. "ಯವ್ವಾ, ಇವ್ರ ಮೈ ಕಾದ ಹಂಚ ಆದಂಗ ಆಗೇತಿ ನೋಡ!"

ಸಾತವ್ವ ಹೊರಗೆ ಬಂದು ಹಣೆ ಮುಟ್ಟಿದಳು. "ಯಾವಾಗಿಂದ ನಡಗತಿ, ತಮ್ಮಾ?"

"ಹುಟ್ಟಿದಾಗಿಂದ್ರಿ."

"ದಿನಾ ನಡಗತಿಯೋ, ದಿನಾ ಬಿಟ್ಟ ದಿನಾ ನಡಗತಿಯೋ?"

ಮಡಿವಾಳಪ್ಪ ಬೆರಳು ಮಡಿಚಿದ. ಶನಿವಾರ ಮಧ್ಯಾಹ್ನ ಎರಡು ಕಂಬಳಿ ಹೊದ್ದಿದ್ದ. ಸೋಮವಾರ ಮಧ್ಯಾಹ್ನವೂ ಅಷ್ಟೇ. ಇವತ್ತು ಬುಧವಾರ. ನಡುವಿನ ದಿನಗಳಲ್ಲೂ ಅದೇ ನಾಯಿ, ಅದೇ ಜೀಪು ಇದ್ದವು. ಅವನ ಹೆದರಿಕೆ ಎಂದೂ ಹೀಗೆ ವೇಳಾಪಟ್ಟಿ ಇಟ್ಟುಕೊಂಡು ಬಂದಿರಲಿಲ್ಲ.

ಆಗ ಹೊಳೆಯಿತು. ಪೆಟ್ಟಿಗೆಯ ಮೊದಲ ಗಾಜು ಅವನದೇ! ರಿಜಿಸ್ಟರಿನಲ್ಲಿ ತನ್ನ ಹೆಸರನ್ನೇ ಬರೆದಿರಲಿಲ್ಲ. ಸೋಮನಿಂಗನ ಚೀಟಿ ತನ್ನ ರಕ್ತಕ್ಕೆ ಅಂಟಿತ್ತು, ಮುಂದಿನವನ ಚೀಟಿ ಸೋಮನಿಂಗನ ರಕ್ತಕ್ಕೆ. ನಲವತ್ತೂ ಚೀಟಿಗಳು ಒಂದೊಂದು ಮನೆ ಹಿಂದೆ ಸರಿದಿದ್ದವು. ತೊಳೆದದ್ದು ಸಾತವ್ವನ ರಕ್ತ.

ನಡುಗುತ್ತಲೇ ಎಲ್ಲವನ್ನೂ ಹೇಳಿದ. ಮುದುಕಿ ನಕ್ಕು ಬೆರಳು ಚಾಚಿದಳು. "ಇನ್ನೊಮ್ಮಿ ಚುಚ್ಚೋ, ಅದಕ್ಯಾಕ ಅಷ್ಟ ಅಂಜತಿ?"

"ಮದಲ ಗುಳಿಗಿ ನುಂಗ್ರಿ ಸಾಹೇಬ್ರ," ಎಂದ ಸೋಮನಿಂಗ ಚರಿಗೆಯ ನೀರು ಮುಂದಿಟ್ಟು, "ಇಲ್ಲಾಂದ್ರ ನಾನ ತುರುಕತೇನಿ."

ಮರುದಿನ ಕಚೇರಿಯಲ್ಲಿ ಹೊಸ ಪಟ್ಟಿ ಬರೆದು ಮತ್ತೆ ಅಕ್ಷರ ಜೋಡಿಸಿದ. ನಂಬರು ಒಂದು, ಮಡಿವಾಳಪ್ಪ. ನಂಬರು ಎರಡು, ಸೋಮನಿಂಗ. ನಲವತ್ತೊಂದನೆಯ ಚೀಟಿಯನ್ನು ಸಾತವ್ವನ ಹೊಸ ಗಾಜಿಗೆ ಅಂಟಿಸುವಾಗ ಹೊರಗೆ ಮೇಲಧಿಕಾರಿಯ ಜೀಪು ನಿಂತ ಸದ್ದಾಯಿತು. ಮಡಿವಾಳಪ್ಪನ ಕೈ ಗಡಗಡ ನಡುಗಿತು.

ಗೋಡೆಯ ಕ್ಯಾಲೆಂಡರು ನೋಡಿದ. ಗುರುವಾರ. ಇವತ್ತು ಜ್ವರಕ್ಕೆ ರಜೆ. ಹಾಗಾದರೆ ಇದು ಅಪ್ಪಟ ಹೆದರಿಕೆ, ತನ್ನ ಸ್ವಂತದ್ದು, ಹಳೆಯ ಪರಿಚಯದ್ದು. ಅಷ್ಟರಮಟ್ಟಿಗೆ ಸಮಾಧಾನವಾಗಿ, ರಿಜಿಸ್ಟರನ್ನು ಎದೆಗೆ ಅವುಚಿಕೊಂಡು, ತಪ್ಪೊಪ್ಪಿಕೊಳ್ಳಲು ಸಾಹೇಬರ ಕೋಣೆಯತ್ತ ನಡೆದ.