ದೊಡ್ಡಕ್ಷರದ ಹೆಡ್ಡಿಂಗು

ಕಣ್ಣು ಹೋದ ಮೇಲೆ ರೈಟರ್ ಕೆಲಸವೂ ಹೋಯಿತು. ಬಾಳೂರಿನ ಹತ್ತಿರದ ಎಸ್ಟೇಟೊಂದರಲ್ಲಿ ಆಳುಗಳ ಹಾಜರಿ ಬರೆಯುತ್ತಿದ್ದವನು ನಾನು. ಬೆಂಗಳೂರಿಗೆ ಹೋಗಿ, ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ಕಂಪ್ಯೂಟರ್ ಕಲಿತು ಬಂದೆ. ಅಷ್ಟರಲ್ಲಿ ಎಸ್ಟೇಟಿನ ಸಾಹುಕಾರರು ಅಲ್ಲೇ ಹೋಂಸ್ಟೇ ತೆರೆದಿದ್ದರು. ಖಾಲಿ ಕೋಣೆ, ಜೀಪಿನ ಸಮಯ ಎಲ್ಲವನ್ನೂ ಅವರ ಅಳಿಯ ವೆಬ್‌ಸೈಟಿನಲ್ಲಿ ಆಗಾಗ ಬದಲಿಸುತ್ತಿದ್ದ. ಫೋನು ಮಾಡಿದವರಿಗೆ ಅದನ್ನು ಓದಿಸಿಕೊಂಡು ಉತ್ತರ ಹೇಳುವ ಕೆಲಸ ನನಗೇ ಎಂದರು ಸಾಹುಕಾರರು. "ಸ್ವಲ್ಪ ದಿನ ಮಾಡಿ ನೋಡು, ಸರಿಹೋದ್ರೆ ಮುಂದುವರಿಸುವ." ಮತ್ತೆ ನಾಲ್ಕು ಜನರಂತೆ ಬದುಕಬಹುದು ಎಂದು ಆಸೆಯಾಯಿತು.

ಕಣ್ಣಿಲ್ಲದವರು ವೆಬ್ ಪುಟವನ್ನು ಓದುವುದು ಹೆಡ್ಡಿಂಗಿನಿಂದ ಹೆಡ್ಡಿಂಗಿಗೆ ಹಾರಿಕೊಂಡು. ಪುಟ ಮಾಡುವವನು ಒಳಗೆ 'ಇದು ಹೆಡ್ಡಿಂಗ್' ಎಂದು ಗುರುತು ಹಾಕಿದ್ದರೆ, ಎಚ್ ಕೀಲಿ ಒತ್ತಿದಂತೆಲ್ಲ ಯಂತ್ರ ಕೋಣೆ, ಊಟ, ದಾರಿ ಎಂದು ಮುಂದಕ್ಕೆ ನೆಗೆಯುತ್ತದೆ. ಅಳಿಯ ಮಹಾಶಯ ಅಕ್ಷರ ದಪ್ಪ ಮಾಡಿ ಬಣ್ಣ ಬಳಿದು ಕೈತೊಳೆದುಕೊಂಡಿದ್ದ. ಕಾಣುವವರಿಗೆ ಅದು ಹೆಡ್ಡಿಂಗು, ನನಗೆ ಏನೂ ಅಲ್ಲ. ಯಂತ್ರ ಕಾಡು, ಝರಿ, ಮಂಜು ಎಂದು ಮೊದಲಿನಿಂದ ವರದಿ ಒಪ್ಪಿಸುವಷ್ಟರಲ್ಲಿ ಕೋಣೆ ಕೇಳಿದವರು ಫೋನಿಟ್ಟಿರುತ್ತಿದ್ದರು.

"ಹೆಡ್ಡಿಂಗ್ ಹಾಕ್ಬೇಕಿತ್ತು ಸಾರ್," ಎಂದೆ ಅಳಿಯನಿಗೆ.

"ಅಷ್ಟು ದೊಡ್ಡದಾಗಿ ಹಾಕಿದೀನಲ್ಲ. ಇನ್ನೂ ದೊಡ್ಡದು ಬೇಕಾ ನಿಮಗೆ?"

"ದೊಡ್ಡದಲ್ಲ ಸಾರ್. ಹೆಡ್ಡಿಂಗ್ ಅಂತ ಒಳಗೆ ಗುರುತು ಬೇಕು."

ಮರುದಿನವೇ ಮಾಡಿಕೊಟ್ಟ. ಪುಟದ ಪ್ರತಿ ಸಾಲಿಗೂ ಹೆಡ್ಡಿಂಗ್ ಗುರುತು! ಆ ಗುರುತು ಹಾಕಿದರೆ ಅಕ್ಷರ ದೊಡ್ಡದಾಗುತ್ತದೆ, ದೊಡ್ಡದಾದರೆ ಕುರುಡನಿಗೆ ಅನುಕೂಲ ಎಂಬುದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಈಗ ಎಚ್ ಒತ್ತಿದರೂ ಸಾಲು ಬಿಡದೆ ಅದೇ ಕಾಡು, ಅದೇ ಮಂಜು. ನನಗೆ ಮೈಯೆಲ್ಲ ಉರಿದುಹೋಯಿತು.

ಸಾಹುಕಾರರ ಹತ್ತಿರ ಹೇಳಿಕೊಂಡೆ. "ನಿಂಗೆ ಎಷ್ಟು ಮಾಡಿಕೊಟ್ರೂ ಸಾಕಾಗಲ್ವಲ್ಲ ಮಾರಾಯ," ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಬೇಸರವಿತ್ತು. ಫೋನು ಕಳಸದ ಹುಡುಗಿಯೊಬ್ಬಳ ಕೈಗೆ ಹೋಯಿತು. ಬಂದವರಿಗೆ ಹಳೆಯ ಎಸ್ಟೇಟಿನ ಕತೆ ಹೇಳಲಿ ಎಂದು ನನ್ನನ್ನು ಜಗಲಿಯಲ್ಲಿ ಕೂರಿಸಿದರು. ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಿದ್ದರು, ಮರ್ಯಾದೆಯಿಂದಲೇ ಮಾತಾಡಿಸುತ್ತಿದ್ದರು. ಆ ಮರ್ಯಾದೆಯನ್ನೇ ನನಗೆ ನುಂಗಲಾಗುತ್ತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಬಂದ ಅತಿಥಿಯೊಬ್ಬರು, "ವೆಬ್‌ಸೈಟಲ್ಲಿ ಮೇಲೇ ನಿಮ್ಮ ಫೋಟೋ ಇದೆ, ತುಂಬ ಚೆನ್ನಾಗಿದೆ," ಎಂದರು. ನನ್ನನ್ನು ಯಾರೂ ಕೇಳಿರಲಿಲ್ಲ. ಆಫೀಸಿಗೆ ಹೋಗಿ ಕಂಪ್ಯೂಟರ್ ಹಚ್ಚಿದೆ. ಫೋಟೋದಲ್ಲಿ ಯಾರಿದ್ದಾರೆ ಎಂದು ಪುಟ ಮಾಡುವವನು ಒಳಗೆ ಬರೆದಿಟ್ಟಿದ್ದರೆ ಯಂತ್ರ ಅದನ್ನು ಓದಿ ಹೇಳುತ್ತದೆ. ಯಂತ್ರ "ಗ್ರಾಫಿಕ್" ಎಂದಿತು, ಯಾವುದೋ ನಂಬರು ಓದಿತು, ಮುಂದಿನ ಸಾಲಿಗೆ ಹೋಯಿತು.